ಐದಕ್ಕಿಂತ ಹೆಚ್ಚಿಲ್ಲ ಎಂದ ಹಂಪವ್ವ

ಗಂಗಾವತಿಯಿಂದ ಹೇಮಗುಡ್ಡದ ಕಡೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು ಎಡಕ್ಕೆ ನಡೆದರೆ ಕಲ್ಲವ್ವನ ಗುಡ್ಡ. ಗುಡಿ ಇರುವುದು ಮೇಲೆ. ಬಸ್‌ಸ್ಟಾಪಿನಿಂದ ಗುಡಿಯ ಬಾಗಿಲಿಗೆ ಒಂದೂವರೆ ಕಿಲೋಮೀಟರು ಏರು. ಮೂರು ವರ್ಷದ ಹಿಂದೆ ಅಲ್ಲಿಗೆ ನಾಲ್ಕು ಬ್ಯಾಟರಿ ಗಾಡಿ ಬಂದವು. ಬಾಗಿಲಿಲ್ಲ, ಸದ್ದಿಲ್ಲ, ಮೇಲೊಂದು ಸೂರು. ಹಿಂದಿನ ಸೀಟಿನಲ್ಲಿ ಕೂತವರು ಡ್ರೈವರಿಗೆ ಬೆನ್ನು ಕೊಟ್ಟು, ಹಿಂದಿನ ರಸ್ತೆಗೆ ಮುಖ ಮಾಡಿ ಕೂರಬೇಕು. ಗಾಡಿ ಮುಂದಕ್ಕೆ ಓಡಿದರೆ ಅವರಿಗೆ ರಸ್ತೆ ಹಿಂದಕ್ಕೆ ಓಡುವುದು ಕಾಣುತ್ತದೆ. ದೊಡ್ಡ ಊರುಗಳಲ್ಲಿ ಗಾಲ್ಫ್ ಆಡುವ ಶ್ರೀಮಂತರು ಹುಲ್ಲಿನ ಮೈದಾನದಲ್ಲಿ ಓಡಾಡುವ ಗಾಡಿಯಂತೆ ಇವು. ಗುತ್ತಿಗೆ ಹಿಡಿದ ಗೋವಿಂದರಾಜ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಆ ಮೈದಾನ ಸಪಾಟು, ಈ ಗುಡ್ಡ ಇಳಿಜಾರು ಅನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ, ಹಂಪವ್ವ ಬರುವವರೆಗೆ.

ಹಂಪವ್ವ ಯಲಬುರ್ಗಾ ಕಡೆಯ ಎರಿ ಹೊಲದ ಊರಿನವಳು. ಮಳೆ ಬಂದರೆ ಬೆಳೆ, ಬಾರದಿದ್ದರೆ ಬಸ್ಸು ಹತ್ತಿ ದುಡಿಯಲು ಹೋಗುವ ಮನೆತನ. ಲಗ್ನವಾಗಿ ನೀರಾವರಿ ಸೀಮೆಗೆ ಬಂದಾಗ ಕೆಸರು ಗದ್ದೆಯಲ್ಲಿ ಕಾಲಿಡಲೂ ಬರುತ್ತಿರಲಿಲ್ಲ. ಗಂಡ ಪಕೀರಪ್ಪ ರೈಸ್‌ಮಿಲ್ಲಿನಲ್ಲಿ ಹಮಾಲಿ. ಒಂದು ಸಲ ನಾಟಿಯ ಹೊತ್ತಿನಲ್ಲಿ ಟ್ರ್ಯಾಕ್ಟರ್ ಡ್ರೈವರ್ ಜ್ವರ ಬಂದು ಮಲಗಿದ. ಹೊಲದ ಮಾಲಕ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಹಂಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರ್ಯಾಕ್ಟರ್ ಹತ್ತಿದಳು. ಎಷ್ಟೋ ದಿನದಿಂದ ಬದುವಿನ ಮೇಲೆ ನಿಂತು ನೋಡಿ ನೋಡಿ ಕಲಿತಿದ್ದಳು. ಆವತ್ತು ಎರಡು ಎಕರೆ ಹದ ಮಾಡಿಯೇ ಇಳಿದಳು. ಮೂವತ್ತೆಂಟನೇ ವಯಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಲೈಸೆನ್ಸ್ ಮಾಡಿಸಿದಳು. ಓಣಿಯ ಹೆಂಗಸರು ನಕ್ಕರು. "ನಗ್ರಿ, ನಗ್ರಿ, ನಾಳಿ ನಿಮಗ ದವಾಖಾನಿಗೆ ಹೋಗೂ ಹೊತ್ತು ಬಂದ್ರ ಕರೀರಿ, ಬರ್ತೀನಿ" ಅಂದಳು.

ಬ್ಯಾಟರಿ ಗಾಡಿಗೆ ಡ್ರೈವರ್ ಬೇಕು ಎಂದು ಗೋವಿಂದರಾಜ ಹುಡುಕುವಾಗ ಲೈಸೆನ್ಸ್ ಇದ್ದವರು ಇಬ್ಬರೇ ಸಿಕ್ಕರು: ಹಂಪವ್ವ, ಮತ್ತೆ ಪಕ್ಕದ ಊರಿನ ಗಾಳೇಶ. ಉಳಿದ ಇಬ್ಬರು ಲೈಸೆನ್ಸ್ ಇಲ್ಲದೆಯೇ ಹೇಗೋ ಬಂದವರು.

ಮೊದಲ ದಿನವೇ ಹಂಪವ್ವ ಗಾಡಿಯನ್ನು ಸುತ್ತು ಹಾಕಿ ನೋಡಿದಳು. ಮುಂದೆ ಡ್ರೈವರ್ ಪಕ್ಕ ಒಬ್ಬರು, ನಡುವೆ ಇಬ್ಬರು, ಹಿಂದೆ ಇಬ್ಬರು. ಗಾಡಿಯ ಮೈಮೇಲೆ ಅಂಟಿಸಿದ ಚೀಟಿಯಲ್ಲೂ ಹಾಗೆಯೇ ಬರೆದಿತ್ತು. ಅವಳು ಅದನ್ನೇ ಹಿಡಿದಳು. "ನನ್ನ ಬಿಟ್ಟು ಐದು ಮಂದಿ. ಆರನೇದವ್ರು ಮುಂದಿನ ಗಾಡಿಗೆ ಬರ್ರಿ."

ಜನ ಕೇಳುತ್ತಾರೆಯೇ? ಮಂಗಳವಾರ ಶುಕ್ರವಾರ ಬಂತೆಂದರೆ ಹತ್ತು ಜನ ಏರಿ ಕೂರುತ್ತಿದ್ದರು. ಹಂಪವ್ವ ಬೈಯುತ್ತಿರಲಿಲ್ಲ. ಚಾವಿ ತೆಗೆದು, ಸೀಟಿನ ಮೇಲಿಟ್ಟು, ಅದರ ಮೇಲೆ ತಾನು ಕೂತು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಗಂಗಾವತಿಯ ಮುಖಂಡನೊಬ್ಬನ ಬೀಗರು ಎಂಟು ಜನ ಏರಿ ಕೂತರು.

"ಯಾರು ಅಂತ ಗೊತ್ತೈತೇನು ನಾವು?" ಎಂದ ಒಬ್ಬ.

"ಎಣಸಾಕ ಬರ್ತೈತ್ರಿ ನನಗ. ಎಂಟು ಮಂದಿ ಅದೀರಿ. ಮೂವರು ಇಳೀರಿ."

ಇಪ್ಪತ್ತು ನಿಮಿಷ ಗಾಡಿ ಅಲ್ಲಾಡಲಿಲ್ಲ. ಬಿಸಿಲಿಗೆ ಕಂಗೆಟ್ಟು ಮೂವರು ಇಳಿದರು. ಆ ಸಂಜೆ ಗೋವಿಂದರಾಜ ಅವಳನ್ನು ಕರೆದು, "ಹಂಪಕ್ಕ, ಗಾಳೇಶ ಒಂದು ಸರತಿಗೆ ಎಂಟು ಒಂಬತ್ತು ಮಂದಿನ ಒಯ್ತಾನ. ನಿನಗೇನಾಗೈತಿ?" ಅಂದ.

"ಅಂವಗೂ ಹೇಳ್ರಿ ಸಾವ್ಕಾರ್ರ. ಇಳಿಜಾರಿನ್ಯಾಗ ಬ್ರೇಕ್ ತುಳದ್ರ ಗಾಡಿ ತಡೀತೈತಿ, ಮಂದಿ ತಡಿಯಂಗಿಲ್ಲ. ಹುಣಸಿಗಿಡದ ತಿರುವಿನ್ಯಾಗ ಹಿಂದಿನವ್ರು ಹಿಡಕೊಳ್ಳಾಕ ಏನೈತಿ? ಸೊಂಟಕ್ಕ ಕಟ್ಟೂ ಒಂದು ಪಟ್ಟಿನರ ಹಾಕಿಸ್ರಿ."

ಪಟ್ಟಿ ಬರಲಿಲ್ಲ.

ಹೋದ ಶ್ರಾವಣದ ಕಡೇ ಮಂಗಳವಾರ ಅದು ಆಯಿತು. ಬೆಳಗಿನ ಹತ್ತು ಗಂಟೆ ಇರಬೇಕು. ಗಾಳೇಶನ ಗಾಡಿ ಗುಡಿಯಿಂದ ಇಳಿಯುತ್ತಿತ್ತು, ಅದರ ಹಿಂದೆ ಇಪ್ಪತ್ತು ಮಾರು ಬಿಟ್ಟು ಹಂಪವ್ವನದು. ಗಾಳೇಶನ ಗಾಡಿಯ ಹಿಂದಿನ ಸೀಟಿನಲ್ಲಿ ನಾಲ್ವರು. ಒಂದು ತುದಿಗೆ ಕುಷ್ಟಗಿಯಿಂದ ಬಂದ ಅನ್ನಮ್ಮ ಎಂಬ ಅರವತ್ತರ ಹೆಂಗಸು, ತೊಡೆಯ ಮೇಲೆ ಎರಡು ವರ್ಷದ ಮೊಮ್ಮಗಳು. ಆಕೆಯ ಮುಖ ನೇರ ಹಂಪವ್ವನ ಕಡೆಗಿತ್ತು. ಕೂಸು ಹಂಪವ್ವನಿಗೆ ಕೈ ಬೀಸುತ್ತಿತ್ತು. ಹುಣಸೆಗಿಡದ ತಿರುವಿನಲ್ಲಿ ಗಾಳೇಶ ಗಾಡಿ ಹೊರಳಿಸಿದ. ಅನ್ನಮ್ಮ ಸೀಟಿನಿಂದ ಜಾರಿದಳು. ಹಿಡಿಯಲು ಏನೂ ಸಿಗಲಿಲ್ಲ, ಸಿಕ್ಕಿದ್ದರೂ ಹಿಡಿಯುತ್ತಿರಲಿಲ್ಲ. ಎರಡೂ ಕೈಯಲ್ಲಿ ಕೂಸನ್ನು ಎದೆಗೆ ಅಪ್ಪಿಕೊಂಡಿದ್ದಳು. ಸೊಂಟ ನೆಲಕ್ಕೆ ಬಡಿದ ಸದ್ದು ಹಂಪವ್ವನಿಗೆ ಕೇಳಿಸಿತು.

ಕೂಸಿಗೆ ಒಂದು ಗೀರೂ ಆಗಲಿಲ್ಲ. ಅನ್ನಮ್ಮನ ಸೊಂಟದ ಎಲುಬು ಮುರಿದಿತ್ತು. ಹಂಪವ್ವ ತನ್ನ ಗಾಡಿಯ ಜನರನ್ನು ಅಲ್ಲೇ ಇಳಿಸಿ, ಆಕೆಯನ್ನು ಅಡ್ಡ ಮಲಗಿಸಿಕೊಂಡು ಕೆಳಗೆ ಆಂಬುಲೆನ್ಸಿನವರೆಗೆ ತಂದಳು.

ಮಧ್ಯಾಹ್ನ ಗೋವಿಂದರಾಜ ಡ್ರೈವರುಗಳನ್ನು ಶೆಡ್ಡಿಗೆ ಕರೆದ. "ಪೊಲೀಸ್ರು ಕೇಳಿದ್ರ ಎಲ್ಲಾರೂ ಒಂದ ಮಾತು ಹೇಳ್ರಿ. ಗಾಡ್ಯಾಗ ಐದ ಮಂದಿ ಇದ್ರು. ಮುದುಕಿ ಗಾಡಿ ನಿಂದ್ರೂಕಿಂತ ಮೊದಲ ತಾನ ಜಿಗದಳು. ಅಷ್ಟ."

ಗಾಳೇಶ ನೆಲ ನೋಡುತ್ತ ನಿಂತಿದ್ದ. ಉಳಿದ ಇಬ್ಬರು ಹೂಂ ಎಂದು ತಲೆಯಾಡಿಸಿದರು.

"ನಾ ಹಂಗ ಹೇಳಂಗಿಲ್ರಿ" ಅಂದಳು ಹಂಪವ್ವ.

"ನೀ ಏನ್ ನೋಡೀದಿ?"

"ಎಲ್ಲಾ ನೋಡೀನಿ. ಆಕಿ ಮಾರಿ ನನ್ನ ಕಡೆ ಇತ್ತು."

"ನಾಳಿಂದ ಕೆಲಸಕ್ಕ ಬರಬ್ಯಾಡ."

"ಕೆಲಸ ನಿಮ್ಮದು, ತೊಗೊಳ್ರಿ. ಕಣ್ಣು ನನ್ನವು" ಎಂದು ಚಾವಿಯನ್ನು ಅವನ ಮೇಜಿನ ಮೇಲಿಟ್ಟು ನೇರ ಠಾಣೆಗೆ ಹೋದಳು. ಅಲ್ಲಿ ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಶೈಲಜಾ ಅವಳ ಹೇಳಿಕೆ ಬರೆದುಕೊಂಡರು. ಆದರೆ ಮೂವರ ಮಾತು ಒಂದು ಕಡೆ, ಒಬ್ಬಳದು ಒಂದು ಕಡೆ. ಎರಡೂ ಗಾಡಿಯಲ್ಲಿದ್ದ ಉಳಿದ ಭಕ್ತರು ಎಲ್ಲೆಲ್ಲಿಯ ಊರಿನವರೋ, ಸಿಗಲಿಲ್ಲ. ಅನ್ನಮ್ಮನಿಗೆ ಬಿದ್ದದ್ದಷ್ಟೇ ನೆನಪು.

ಮನೆಯಲ್ಲಿ ಪಕೀರಪ್ಪ, "ಹೇಳೂದು ಹೇಳಿದಿ, ಇನ್ನ ಸಾಕು ಬಿಡು" ಅಂದ. ಹಂಪವ್ವ ಬಿಡಲಿಲ್ಲ. ಮರುದಿನ ಬೆಳಗ್ಗೆ ಎಂದಿನ ಹೊತ್ತಿಗೇ ಬಸ್‌ಸ್ಟಾಪಿಗೆ ಹೋದಳು. ಗಾಡಿ ಹತ್ತುವ ಜಾಗದ ಎದುರು ನಿಂತಳು. ಒಬ್ಬೊಬ್ಬರಿಗೂ ಹೇಳತೊಡಗಿದಳು: "ಕೂಸಿನ ತೊಗೊಂಡು ಹಿಂದಿನ ಸೀಟಿಗೆ ಕುಂದರಬ್ಯಾಡ್ರೆವ್ವ. ಐದಾದ ಮ್ಯಾಲೆ ಹತ್ತಬ್ಯಾಡ್ರಿ. ಕಾಲು ಹೊರಗ ಚಾಚಬ್ಯಾಡ್ರಿ. ನಿಂತ ಮ್ಯಾಲ ಇಳೀರಿ."

ಕೆಲವರು ಕೇಳಿದರು. ಕೆಲವರು ಹುಚ್ಚಿ ಅಂದುಕೊಂಡರು. ನಾಲ್ಕನೇ ದಿನ ಗೋವಿಂದರಾಜ ಬಂದು ಕೂಗಾಡಿದ. "ಇಲ್ಲಿ ನಿಂದ್ರಾಕ ನಿನಗ ಯಾರು ಹೇಳ್ಯಾರ?"

"ರಸ್ತಾ ಸರಕಾರದ್ದೈತ್ರಿ. ಬಾಯಿ ನಂದೈತಿ. ಇದರಾಗ ನಿಮ್ಮದು ಯಾವುದು, ಹೇಳ್ರಿ, ಬಿಟ್ಟು ಹೋಗ್ತೀನಿ."

ಅಕ್ಕಪಕ್ಕದ ಅಂಗಡಿಯವರು ನಕ್ಕರು. ನಕ್ಕರೂ ಅವಳ ಪಕ್ಕಕ್ಕೆ ಬಂದು ಯಾರೂ ನಿಲ್ಲಲಿಲ್ಲ. ತಿಂಗಳ ಮೇಲೆ ಅವಳೊಬ್ಬಳೇ ನಿಂತಳು. ಮಧ್ಯಾಹ್ನದ ಮೇಲೆ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು, ಬೆಳಗ್ಗೆ ಮತ್ತೆ ಬರುತ್ತಿದ್ದಳು. ಕೆಲವು ಮುಂಜಾನೆ ಅವಳಿಗೂ ಅನಿಸುತ್ತಿತ್ತು, ಯಾರ ಸಲುವಾಗಿ ಇದು ಎಂದು. ಆಗ ಕೈ ಬೀಸಿದ ಆ ಕೂಸು ಕಣ್ಣಿಗೆ ಕಟ್ಟುತ್ತಿತ್ತು. ಸಿಟ್ಟು ಬರುತ್ತಿತ್ತು. ಕಾಲಿಗೆ ಬಲ ಬರುತ್ತಿದ್ದದ್ದು ಆ ಸಿಟ್ಟಿನಿಂದಲೇ.

ಆಯುಧಪೂಜೆ ಬಂತು. ನಾಲ್ಕೂ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ ಸಾಲಾಗಿ ನಿಲ್ಲಿಸಿದ್ದರು. ನವರಾತ್ರಿಯ ಜನಜಂಗುಳಿಗೆ ಬಂದೋಬಸ್ತಿಗೆಂದು ಶೈಲಜಾ ಮೇಡಂ ಜೀಪಿನಲ್ಲಿ ಬಂದಿದ್ದರು. ಗೋವಿಂದರಾಜ ಅವರನ್ನೂ ಕರೆದು ನಿಲ್ಲಿಸಿಕೊಂಡ. ಪೂಜಾರಿ ಆರತಿ ಎತ್ತಿದ. ಗೋವಿಂದರಾಜ ಒಳಗೆ ಕುಂಕುಮ ತುಂಬಿದ ದೊಡ್ಡ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯ ಮುಂದೆ ಒಡೆಯಲು ಹೊರಟ.

"ನಿಂದರ್ರಿ!" ಜನರ ನಡುವಿನಿಂದ ಹಂಪವ್ವ ಬಂದಳು. "ಕಾಯಿ ನೀವು ಒಡಿಬ್ಯಾಡ್ರಿ. ಹಿಂದಿನ ಸೀಟಿಗೆ ಕುಂದರಸ್ರಿ, ತುದೀಗೆ. ಗಾಳೇಶ ಅವತ್ತಿನಂಗ ಗಾಡಿ ಹೊಡೀಲಿ. ಹುಣಸಿಗಿಡ ದಾಟಿ ಬರಲಿ."

"ಹಬ್ಬದ ದಿನ ಏನ್ ತಮಾಷಿ ಇದು?" ಗೋವಿಂದರಾಜ ಗದರಿದ.

"ತಮಾಷಿ ಅಲ್ರಿ. ಅನ್ನಮ್ಮ ತಾನ ಜಿಗದಳು ಅಂದೀರಿ. ಈ ಕಾಯಿಗೆ ಕಾಲಿಲ್ಲ. ಇದು ಜಿಗಿಯಾಕ ಬರಂಗಿಲ್ಲ. ಕುಂತಲ್ಲೇ ಕುಂತು ಬಂತಂದ್ರ ನಾ ಸುಳ್ಳಿ. ಇವತ್ತ ಎಲ್ಲಾರ ಮುಂದ ನಿಮ್ಮ ಕಾಲು ಮುಟ್ಟಿ ಹೋಗ್ತೀನಿ, ಮತ್ತ ಇತ್ಲಾಗ ಬರೂದಿಲ್ಲ."

ಜನ ಒತ್ತಿ ನಿಂತರು. ಗೋವಿಂದರಾಜ ಮೇಡಂ ಕಡೆ ನೋಡಿದ. ಶೈಲಜಾ ಮೇಡಂ ಕೈ ಕಟ್ಟಿಕೊಂಡು, "ಆಗಲಿ, ಇಡ್ರಿ ಕಾಯಿ. ತಿರುವಿನ್ಯಾಗ ಯಾರೂ ಮಂದಿ ಇರದಂಗ ನೋಡ್ಕೊಳ್ರಿ" ಎಂದು ಇಬ್ಬರು ಪೇದೆಗಳನ್ನು ಮೇಲೆ ಕಳಿಸಿದರು.

ಗಾಳೇಶ ಗಾಡಿಯನ್ನು ಮೇಲಕ್ಕೊಯ್ದು ತಿರುಗಿಸಿದ. ಹಿಂದೆ ಕುಂಬಳಕಾಯಿ ಒಂದೇ. ಜನ ಮೇಡಂ ಜೊತೆ ಹುಣಸೆಗಿಡದವರೆಗೆ ನಡೆದು ಬಂದು ರಸ್ತೆಯ ಅಂಚಿನ ಬಂಡೆಗಳ ಮೇಲೆ ಹತ್ತಿ ನಿಂತಿದ್ದರು. ಗಾಡಿ ಸದ್ದಿಲ್ಲದೆ ಇಳಿಯಿತು. ಹುಣಸೆಗಿಡದ ಹತ್ತಿರ ಹೊರಳಿತು. ಕಾಯಿ ಸೀಟಿನ ಮೇಲೆ ಒಂದು ಗೇಣು ಉರುಳಿತು, ಇನ್ನೊಂದು ಗೇಣು ಉರುಳಿತು, ಧಡ್ ಎಂದು ರಸ್ತೆಗೆ ಬಿದ್ದು ನಾಲ್ಕು ಹೋಳಾಯಿತು. ಕೆಂಪು ನೀರು ಇಳಿಜಾರಿನಲ್ಲಿ ಹರಿಯಿತು.

ಕೂಸನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಅದರ ತಲೆಯ ಮೇಲೆ ಕೈಯಿಟ್ಟುಕೊಂಡಳು.

ಗಾಳೇಶ ಗಾಡಿ ನಿಲ್ಲಿಸಿ ಇಳಿದ. ಹೋಳುಗಳ ಕಡೆ ನೋಡಿದ. "ಅಕ್ಕ ಹೇಳಿದ್ದು ಖರೇರಿ ಮೇಡಮ್ಮಾರ. ಅವತ್ತು ಒಂಬತ್ತು ಮಂದಿನ ಹಾಕ್ಕೊಂಡಿದ್ದೆ. ಆಯಮ್ಮ ಜಿಗೀಲಿಲ್ಲ. ನಾ ಸುಳ್ಳು ಬರಸೀನಿ" ಅಂದ.

ಹಂಪವ್ವ ಅಷ್ಟಕ್ಕೇ ನಿಲ್ಲಲಿಲ್ಲ. ಎರಡನೇ ಗಾಡಿಯ ಮುಂದಿಟ್ಟಿದ್ದ ಕಾಯಿಯನ್ನು ತಾನೇ ಎತ್ತಿ ತಂದು, ಅದೇ ಸೀಟಿನಲ್ಲಿಟ್ಟು, ಜನರಲ್ಲಿ ಒಬ್ಬನ ಹೆಗಲ ಮೇಲಿದ್ದ ಟವೆಲ್ಲು ಕೇಳಿ ಪಡೆದು ಬಿಗಿಯಾಗಿ ಕಟ್ಟಿದಳು. ಈ ಸಲ ಗಾಡಿಯನ್ನು ಅವಳೇ ಓಡಿಸಿದಳು, ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ. ಕಾಯಿ ಕುಂತಲ್ಲೇ ಕುಂತಿತ್ತು. "ಒಂದು ಟವೆಲ್ಲಿನ ಮಾತಿತ್ರಿ ಇದು" ಅಂದಳು, ಯಾರನ್ನೂ ನೋಡದೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ತಪ್ಪು. ಗಾಳೇಶ ಹೊಸ ಹೇಳಿಕೆ ಕೊಟ್ಟ, ಗೋವಿಂದರಾಜನ ಮೇಲೆ ಕೇಸಾಯಿತು, ಗಾಡಿಗಳು ಎರಡೂವರೆ ತಿಂಗಳು ಶೆಡ್ಡಿನಲ್ಲಿ ನಿಂತವು. ಮುದುಕರು ಬಿಸಿಲಲ್ಲಿ ಗುಡ್ಡ ಏರಬೇಕಾಯಿತು. ಕಾಯಿ ಕರ್ಪೂರದ ಅಂಗಡಿಯವರು ಹಂಪವ್ವನ ಎದುರೇ, "ಇಕಿ ದೆಸಿಂದ ಗಾಡಿ ನಿಂತ್ವು, ಮಂದಿ ಬರೂದು ಕಡಿಮಿ ಆತು" ಎಂದು ಬೈದರು. ಹಂಪವ್ವ ಬೈಗುಳ ತಿಂದಳು, ತಲೆ ತಗ್ಗಿಸಲಿಲ್ಲ. ನಡೆಯಲಾರದ ಮುದುಕಿಯರ ಕೈ ಹಿಡಿದು ತಾನೇ ಎಷ್ಟೋ ಸಲ ಮೇಲೆ ಹತ್ತಿಸಿದಳು.

ಒಂದು ಭಾನುವಾರ ಕುಷ್ಟಗಿಗೆ ಹೋಗಿ ಅನ್ನಮ್ಮನನ್ನು ಕಂಡಳು. ಆಕೆ ಕಬ್ಬಿಣದ ವಾಕರ್ ಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಹಂಪವ್ವ ನಡೆದದ್ದನ್ನೆಲ್ಲ ಹೇಳಿದಳು. ಅನ್ನಮ್ಮ ಕೇಳಿ, "ಕಾಯಿ ಒಡದ ಮ್ಯಾಲ ನಂಬಿದ್ರೇನವ್ವ? ನಾ ಒಡದಾಗ ನಂಬಲಿಲ್ಲೇನು?" ಅಂದಳು. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕುಟುಕುತ್ತಿತ್ತು.

ಕಡೆಗೆ ಗುಡಿಯ ಕಮಿಟಿಯವರು ಗಾಡಿಗಳನ್ನು ತಾವೇ ನಡೆಸುವುದೆಂದು ಮಾಡಿ, ಹಂಪವ್ವನನ್ನು ಕರೆಸಿದರು. "ಕೆಲಸ ಕೊಡ್ತೀವಿ. ಆದ್ರ ಇನ್ನ ಮ್ಯಾಲ ಗದ್ದಲ ಮಾಡಬಾರ್ದು" ಅಂದರು.

"ಐದ ಮಂದಿ ಅಂತ ಬರದು ಸಹಿ ಮಾಡ್ರಿ, ಪಟ್ಟಿ ಹಾಕಸ್ರಿ, ಗದ್ದಲ ತಾನ ನಿಲ್ತೈತಿ" ಅಂದಳು. ಎರಡು ವಾರ ಸತಾಯಿಸಿದರು, ಕೊನೆಗೆ ಬರೆದುಕೊಟ್ಟರು. ಈಗ ನಾಲ್ಕೂ ಗಾಡಿಗೆ ಪಟ್ಟಿಯಿದೆ, ಬದಿಗೆ ಸರಪಳಿಯಿದೆ. ಗಾಳೇಶನೂ ಓಡಿಸುತ್ತಾನೆ, ಐದೇ ಜನರನ್ನು ಹಾಕಿಕೊಂಡು. ಕೇಸು ಇನ್ನೂ ಕೋರ್ಟಿನಲ್ಲಿದೆ.

ಶೈಲಜಾ ಮೇಡಂ ರಸ್ತೆ ಸುರಕ್ಷತೆಯ ಕಾರ್ಯಕ್ರಮಗಳಿಗೆ ಅವಳನ್ನು ಕರೆದೊಯ್ಯತೊಡಗಿದರು. ಕೊಪ್ಪಳ, ಕುಷ್ಟಗಿ, ಹಂಪವ್ವ ಹುಟ್ಟಿದ ಸೀಮೆಯ ಯಲಬುರ್ಗಾ. ಯಲಬುರ್ಗಾ ಕಡೆಯ ಒಂದು ಶಾಲೆಯಲ್ಲಿ ತರಗತಿ ಬಿಡುವ ಹೊತ್ತಿಗೆ ಪಾಲಕರಿಗಾಗಿ ಭಾಷಣ ಇಟ್ಟಿದ್ದರು. ಹೆಡ್‌ಮಾಸ್ತರರು ಹಾರ ಹಿಡಿದು ಗೇಟಿಗೇ ಬಂದರು. ಹಂಪವ್ವ ಹಾರದ ಕಡೆ ನೋಡಲಿಲ್ಲ. ಗೇಟಿನ ಪಕ್ಕ ಆಟೋ ಒಂದು ನಿಂತಿತ್ತು. ಅದರೊಳಗೆ ಮಕ್ಕಳು ಒಬ್ಬರ ಮೇಲೊಬ್ಬರು, ಡ್ರೈವರನ ಎರಡೂ ಬದಿಗೆ ಇಬ್ಬಿಬ್ಬರು, ಚೀಲಗಳು ಹೊರಗೆ ನೇತಾಡುತ್ತಿದ್ದವು.

"ಸರ್, ಈ ಆಟೋದಾಗ ಎಷ್ಟು ಮಂದಿ ಅದಾರ?"

ಹೆಡ್‌ಮಾಸ್ತರರು ತಡವರಿಸಿದರು. "ದಿನಾ ಹಂಗ ಹೋಗ್ತಾವು ಬಿಡ್ರಿ. ಒಳಗ ಬರ್ರಿ, ಎಲ್ಲಾರೂ ಕಾಯಾಕ ಹತ್ಯಾರ."

"ಇವ್ರನ್ನ ಹಿಂಗ ಕಳಿಸಿ ಒಳಗ ಬಂದು ನಾ ಏನಂತ ಹೇಳ್ಲಿ? ಎಣಸ್ರಿ."

ಎಣಿಸಿದರು. ಹದಿನಾಲ್ಕು. ಹಂಪವ್ವ ಆಟೋದ ಮುಂದೆ ಹೋಗಿ ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಅವಳು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ತರರೇ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಕೆಳಗಿಳಿಸಿ, ಮೂರು ಸರತಿಯಲ್ಲಿ ಕಳಿಸುವುದೆಂದು ಡ್ರೈವರನಿಗೆ ಹೇಳಿದರು. ಅವನು ಗೊಣಗಿಕೊಂಡೇ ಮೊದಲ ಸರತಿಯ ಮಕ್ಕಳೊಂದಿಗೆ ಹೊರಟ. ಆಟೋ ತಿರುವು ದಾಟುವವರೆಗೆ ನೋಡಿ, ಹಂಪವ್ವ ಉಳಿದ ಮಕ್ಕಳ ಕೈ ಹಿಡಿದು ಒಳಗೆ ನಡೆದಳು.