ಹುಣ್ಣಿಮೆಯ ದರ

ಮೊನ್ನೆ ಆಳಂದದ ನನ್ನ ಮನೆಯ ಮಾಳಿಗೆ ಮೇಲಿನ ಖೋಲಿ ನೋಡಲು ಗಂಡಹೆಂಡತಿ ಬಂದಿದ್ದರು. ಆಕೆಯ ಚೀಲದಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ. "ಬಾಡಿಗಿ ಎಷ್ಟ್ರಿ ಕಾಕಾ?" ಎಂದಳು. ಆ ವಾಸನೆ ನನ್ನಂಥ ಬಾಯಿಬಡುಕನನ್ನೂ ಬಾಡಿಗೆ ಮರೆಸಿ ಗಾಣಗಾಪುರಕ್ಕೆ ಎಳೆದೊಯ್ದಿತು ನೋಡಿ.

ಎಂಬತ್ತರ ದಶಕದಲ್ಲಿ ನಾವು ಗಾಣಗಾಪುರದಲ್ಲಿ ಸರಕಾರ ಕಟ್ಟಿಸಿದ ಸಾಲುಮನೆಯೊಂದರಲ್ಲಿದ್ದೆವು. ಬಾಡಿಗೆ ಹೆಸರಿಗಷ್ಟೇ. ಪಕ್ಕದ ಮನೆಯ ಶರಣಮ್ಮ ಗಂಡ ಸತ್ತ ಮೇಲೆ ಯಾತ್ರಿಕರಿಗೆ ಇಂಥದೇ ಸಜ್ಜೆ ರೊಟ್ಟಿ ಮಾರುತ್ತ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಆ ಕಡಿಮೆ ಬಾಡಿಗೆಯೇ ಆಕೆಗೆ ಆಸರೆ. ದಿನದ ಮೊದಲ ರೊಟ್ಟಿ ನಮ್ಮ ಮನೆಗೆ ಬರುತ್ತಿತ್ತು. ನಾನೋ, ಅದು ನನ್ನ ಹಕ್ಕೆಂಬಂತೆ ತಿನ್ನುತ್ತಿದ್ದೆ.

ಅಪ್ಪನಿಗೆ ಊರಿನ ಅಭಿಮಾನ ಒಂದು ತೂಕ ಜಾಸ್ತಿ. ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲೂ ಗುರುತಿಲ್ಲದವರನ್ನು ನಿಲ್ಲಿಸಿಕೊಂಡು ಗಾಣಗಾಪುರದ ದೊಡ್ಡಸ್ತಿಕೆ ಹೇಳುವವನು.

ಒಂದು ದಿನ ಸಾಹೇಬರೊಬ್ಬರು ಬಂದರು. ಇನ್ನು ಸರಕಾರಿ ಮನೆಗಳಿಗೂ ಪೇಟೆಯ ಬಾಡಿಗೆಯೇ ಎಂದು ಆದೇಶವಾಗಿತ್ತಂತೆ. ಹೊರಗೆ ಏನು ದರ ಎಂದು ವಿಚಾರಿಸಿದರು. ಓಣಿಯವರೆಲ್ಲ ಜಾಣರು, ಕಡಿಮೆ ಹೇಳಿದರು. ಅಪ್ಪ ನನ್ನ ಕೈಲಿ ಚಹಾ ಕೊಡಿಸಿ, "ನಮ್ಮೂರು ಅಂದ್ರ ಏನ್ ತಿಳ್ಕೊಂಡೀರಿ ಸಾಹೇಬ್ರ? ಹುಣ್ಣಿಮಿಗಿ ದೇವರ ದರ್ಶನಕ್ಕ ಬರೋ ಸೊಲ್ಲಾಪುರ, ಪುಣೆ ಮಂದಿ ಕೇಳಿದಷ್ಟು ಕೊಟ್ಟು ಖೋಲಿ ಹಿಡೀತಾರ" ಎಂದು ಆ ದರವನ್ನೂ ಹೇಳಿಬಿಟ್ಟ. ಹುಣ್ಣಿಮೆ ತಿಂಗಳಿಗೊಮ್ಮೆ ಮಾತ್ರ ಎಂಬುದನ್ನು ಹೇಳಲಿಲ್ಲ. ಸಾಹೇಬರು ಅದನ್ನೇ ಹಿಡಿದುಕೊಂಡರು.

ಬಾಡಿಗೆ ಏರಿತು. ಅದನ್ನು ನೋಡಿ ಊರಿನ ಮನೆಮಾಲಕರು, "ಸರಕಾರನೇ ಇಷ್ಟ್ ತಗೋತದ, ನಮ್ದೇನ್ ಧರ್ಮಛತ್ರ ಅದ ಏನು?" ಎಂದು ತಾವೂ ಏರಿಸಿದರು. ಪೇಟೆಯ ಮುಖ ನೋಡಿ ಸರಕಾರ, ಸರಕಾರದ ಮುಖ ನೋಡಿ ಪೇಟೆ. ಶರಣಮ್ಮ ರೊಟ್ಟಿಯ ಬೆಲೆ ಹೆಚ್ಚಿಸಿದಳು, ಗಿರಾಕಿ ಕಡಿಮೆಯಾದರು. ದೊಡ್ಡ ಮಗಳ ಶಾಲೆ ಬಿಡಿಸಿದಳು. ಕಡೆಗೆ ತವರೂರಿಗೆ ಗಂಟುಮೂಟೆ ಕಟ್ಟಿದಳು.

ಹೊರಡುವಾಗ ಉಳಿದ ರೊಟ್ಟಿಗಳನ್ನು ಅಪ್ಪನ ಮುಂದಿಟ್ಟಳು. "ಯಾರೋ ಹೆಚ್ಚಿನ ಬಾಡಿಗಿ ಹೇಳ್ಯಾರಂತ ಅಣ್ಣಾರ. ನಿಮ್ಮಂಥವರು ಒಂದ್ ಮಾತು ಆಡಿದ್ರ ಹಿಂಗ ಆಗ್ತಿದ್ದಿಲ್ಲ" ಎಂದಳು. ಅಪ್ಪ ತಲೆ ಎತ್ತಲಿಲ್ಲ. ಸಾಹೇಬರ ಮುಂದೆ ಅವನಾಡಿದ ಮಾತಿಗೆ ಅಂದು ಚಹಾ ತಟ್ಟೆ ಹಿಡಿದು ಹಿಗ್ಗಿದವನು ನಾನು. ಆ ನಾಚಿಕೆ ಈಗಲೂ ಹೋಗಿಲ್ಲ. ಆ ಬಾಡಿಗೆಗೆ ಆಕೆಯ ಮನೆಗೆ ಮತ್ಯಾರೂ ಬರಲಿಲ್ಲ. ಬೀಗಕ್ಕೆ ತುಕ್ಕು ಹಿಡಿಯಿತು.

ಮೊನ್ನೆ ಮಾಳಿಗೆಯ ಮೇಲೆ, ಖೋಲಿ ನೋಡಲು ಬಂದ ಹೆಣ್ಣುಮಗಳು ಮತ್ತೆ ಕೇಳಿದಳು. ಓಣಿಯ ದರ ಹೇಳಲು ಹೊರಟವನು, "ಹಿಂದಿನ ಮನಿಗಿ ಏನ್ ಕೊಡ್ತಿದ್ದಿ ತಂಗಿ?" ಎಂದೆ. ಹೇಳಿದಳು.

"ಅಷ್ಟೇ ಕೊಡು."

ಆಕೆಯ ಮುಖ ಅರಳಿತು. ಚೀಲದಿಂದ ಎರಡು ರೊಟ್ಟಿ ತೆಗೆದು, "ತಗೋರಿ ಕಾಕಾ" ಎಂದಳು. ಹಿಡಿಯಲು ನನ್ನ ಕೈ ಮುಂದೆ ಬರಲೇ ಇಲ್ಲ.