ಕೇಳಿ ಪಡೆದ ಮಣ್ಣು

ಮಲ್ಲಂದೂರಿನ ಆಚೆ ಆ ಎಸ್ಟೇಟಿನ ಗೇಟನ್ನು ಬಸ್ಸು ದಾಟುವಾಗ ನಾನು ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ. ಒಳಗೆ ಅಪ್ಪ ಇದ್ದಾನೆ. ಕಾಫಿ ಗಿಡಗಳು ಮುಗಿಯುವ ಇಳಿಜಾರಿನಲ್ಲಿ, ಕೂಲಿಲೈನಿನ ಸಾಲುಮನೆಗಳ ನಮ್ಮವರನ್ನು ಅಜ್ಜನ ಕಾಲದಿಂದಲೂ ಮಣ್ಣು ಮಾಡುತ್ತ ಬಂದ ಜಾಗದಲ್ಲಿ.

ಲೈನಿನಲ್ಲಿ ಒಂದು ಕ್ರಮವಿತ್ತು. ಯಾರೇ ತೀರಿಕೊಳ್ಳಲಿ, ಗುದ್ದಲಿ ಮುಟ್ಟುವ ಮೊದಲು ಹಿರಿಯನೊಬ್ಬ ಬಂಗಲೆಯ ಮೆಟ್ಟಿಲ ಕೆಳಗೆ ನಿಂತು, "ಗುಂಡಿ ತೆಗೀಬೋದಾ, ಅಯ್ಯಾ?" ಎಂದು ಕೇಳಬೇಕು. ಹಳೆಯ ಸಾಹುಕಾರರು ಒಮ್ಮೆಯೂ ಇಲ್ಲವೆಂದವರಲ್ಲ. ಹೆಣಕ್ಕೆ ಹೊದಿಸಲು ಬಿಳಿ ಬಟ್ಟೆಯನ್ನೂ ಕೊಟ್ಟು ಕಳಿಸುತ್ತಿದ್ದರು. ಇಲ್ಲ ಎನ್ನುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೆವು. ಅದು ಮರ್ಯಾದೆ ಎಂದುಕೊಂಡಿದ್ದೆವು.

ಎಸ್ಟೇಟು ಕೈ ಬದಲಾಯಿತು. ಹೊಸ ಮಾಲೀಕರು ಆ ಇಳಿಜಾರಿಗೆ ಹೋಗುವ ದಾರಿಗೆ ಗೇಟು ಹಾಕಿಸಿದರು. ಕೇಳಿಕೊಂಡು ಹೋದವರಲ್ಲಿ ಒಬ್ಬರಿಗೆ ಬಿಟ್ಟರು, ಇನ್ನೊಬ್ಬರಿಗೆ ಇಲ್ಲವೆಂದರು. ಅಮ್ಮ ಆಗಲೇ ಹಾಸಿಗೆ ಹಿಡಿದಿದ್ದಳು. ಅಪ್ಪನ ಪಕ್ಕದಲ್ಲಿ ಮಲಗಬೇಕು ಎಂಬುದೊಂದೇ ಅವಳ ಆಸೆ. ನಾನು ಚಿಕ್ಕಮಗಳೂರಿಗೆ ಹೋಗಿ ವಕೀಲರೊಬ್ಬರನ್ನು ಕಂಡೆ.

"ನಿಮ್ಮವ್ರು ಪ್ರತಿ ಸಲ ಕೇಳೇ ಹೂಳ್ತಿದ್ರಾ?" ಎಂದರು.

"ಹೌದು ಸಾರ್, ಕೇಳ್ದೆ ಒಂದ್ ಸಲಾನೂ ಹೋದವ್ರಲ್ಲ," ಎಂದೆ, ಹೆಮ್ಮೆಯಿಂದಲೇ.

ಅವರು ಕನ್ನಡಕ ತೆಗೆದರು. "ಅಲ್ಲೇ ಎಡವಟ್ಟಾಯ್ತಲ್ಲ ಮಾರಾಯ್ತಿ. ಕೇಳಿ ತಗೊಂಡಿದ್ದು ಹಕ್ಕಾಗಲ್ಲ. ದಾವೆ ಹಾಕೋಣ, ಆದ್ರೆ ಇನ್ಮೇಲೆ ಯಾರೂ ಹೋಗಿ ಕೇಳ್ಬೇಡಿ. ಇನ್ನೊಂದ್ ಸಲ ಕೇಳಿದ್ರೆ ಹಕ್ಕಿಲ್ಲ ಅಂತ ನೀವೇ ಒಪ್ಕೊಂಡಂಗೆ, ಕೇಸು ಮುಗೀತು."

ವಾಪಸು ಬರುವಾಗ ಬಸ್ಸಿನಲ್ಲಿ ಮೈಯೆಲ್ಲ ಉರಿಯಿತು. ಉಸಿರಾಡಲು ಯಾರೂ ಯಾರನ್ನೂ ಕೇಳುವುದಿಲ್ಲ. ಹಕ್ಕು ಅಂದರೆ ಅದೇ ಇರಬೇಕು, ಕೇಳುವ ಪ್ರಸಂಗವೇ ಬಾರದಿರುವುದು. ಹಾಗಾದರೆ ನಮ್ಮ ಹಿರಿಯರು ಒಂದೊಂದು ಹೆಣದ ಜೊತೆಗೆ ಆ ಹಕ್ಕನ್ನೂ ಹೂತು ಬಂದರೇ? ಕೊಟ್ಟವರೂ ಒಳ್ಳೆಯವರು, ಕೇಳಿದವರೂ ಒಳ್ಳೆಯವರು. ನಾನು ಯಾರ ಮೇಲೆ ಸಿಟ್ಟಾಗಲಿ?

ಅಮ್ಮನಿಗೆ ಎಲ್ಲ ಹೇಳಿದೆ. ಗೋಡೆಯ ಕಡೆ ತಿರುಗಿಕೊಂಡಳು.

"ನಂಗೋಸ್ಕರ ಕೇಳ್ಬೇಡ. ನಾನೊಬ್ಳು ಅಲ್ಲಿ ಹೋಗಿ ಮಲ್ಗಿದ್ರೆ ಲೈನಿನವ್ರೆಲ್ಲ ಹೊರಗುಳೀತಾರೆ. ರಸ್ತೆ ಬದೀಲೇ ಹಾಕು." ಆಮೇಲೆ, "ನಿಮ್ಮಪ್ಪಂಗೆ ನೀನೇ ಏನಾದ್ರೂ ಹೇಳು," ಎಂದಳು.

ಮಳೆ ಬಿಟ್ಟ ವಾರ ತೀರಿಕೊಂಡಳು. ಪಂಚಾಯಿತಿಯವರು ತೋರಿಸಿದ ಕಡೆ, ರಸ್ತೆ ಬದಿಯಲ್ಲೇ ಮಣ್ಣು ಮಾಡಿದೆವು. ಮರುದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮನೆಗೆ ಬಂದರು. "ಛೇ, ಒಂದ್ ಮಾತು ಕೇಳಿದ್ರೆ ಬಿಡ್ತಿದ್ನಲ್ಲ ಅಂತ ಮಾಲೀಕ್ರು ತುಂಬಾ ನೊಂದ್ಕೊಂಡ್ರು," ಎಂದರು. ನೊಂದುಕೊಂಡದ್ದು ನಿಜವೇ ಇರಬೇಕು. ಒಂದೇ ಮಾತು ಸಾಕಿತ್ತು ಎಂಬುದು ನನ್ನನ್ನು ಈಗಲೂ ತಿನ್ನುತ್ತದೆ.

ದಾವೆ ಇನ್ನೂ ನಡೆಯುತ್ತಿದೆ. ಕನಸಿನಲ್ಲಿ ಅಪ್ಪ ಬಂದು ಗೇಟಿನ ಒಳಗಡೆ ಸರಳು ಹಿಡಿದು ನಿಲ್ಲುತ್ತಾನೆ. ಅಮ್ಮ ಎಲ್ಲಿ ಎಂದು ಕೇಳಬಹುದೆಂದು ನನಗೆ ಭಯ. ಅವನು ಅದನ್ನು ಕೇಳುವುದಿಲ್ಲ.

"ಹೊರಗೆ ಬರ್ಬೋದಾ?" ಎಂದು ಕೇಳುತ್ತಾನೆ.