ಕ್ಯಾರವಾನ್ ಟೀಚರ್

ಸ್ಟೀರಿಂಗ್ ಹಿಡಿದು ಕೂತರೆ ರಸ್ತೆಯಲ್ಲಿದ್ದವರಿಗೆ ಟೀಚರ್ ಕಾಣುತ್ತಿದ್ದುದು ಮೂಗಿನಿಂದ ಮೇಲಕ್ಕೆ ಮಾತ್ರ: ದಪ್ಪ ಗಾಜಿನ ಕನ್ನಡಕ, ಹಿಂದಕ್ಕೆ ಎಳೆದು ಕಟ್ಟಿದ ಬಿಳಿ ಕೂದಲು. ಉಳಿದ ಪುಟ್ಟ ದೇಹ ಎರಡು ದಿಂಬುಗಳ ಮೇಲೆ ಕೂತು ಆ ದೊಡ್ಡ ಗಾಡಿಯನ್ನು ನಡೆಸುತ್ತಿತ್ತು. ರಿವರ್ಸ್ ತೆಗೆಯುವಾಗ ಕನ್ನಡಿ ನೋಡುತ್ತ, "ಇಚ್ಚಾಯಾ, ಪಿನ್ನಿಲ್ ನೋಕ್ಕಣೇ" ಎನ್ನುತ್ತಿದ್ದರು. ಹಿಂದೆ ಸ್ವಲ್ಪ ನೋಡಿಕೊಳ್ಳಿ ಎಂದು ಗಂಡನಿಗೆ ಹೇಳುವ ಮಾತು. ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೂ ಆ ಮಾತು ಹೇಳದೆ ಅವರು ಗಾಡಿಯನ್ನು ಒಂದು ಗೇಣೂ ಹಿಂದಕ್ಕೆ ತೆಗೆದದ್ದನ್ನು ನಾನು ಕಂಡಿಲ್ಲ.

ಕಾಕ್ಕನಾಡಿನ ನಮ್ಮ ಫ್ಲಾಟಿನಲ್ಲಿ ಅವರದು ಎದುರು ಮನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ವಾಚ್‌ಮನ್‌ನಿಂದ ಹಿಡಿದು ಮೀನು ತರುವವನವರೆಗೆ ಎಲ್ಲರಿಗೂ ಅವರು ಟೀಚರ್. ಹಡಗಿನಲ್ಲಿ ಎಂಜಿನಿಯರ್ ಆಗಿದ್ದ ಗಂಡ, ನಿವೃತ್ತಿಯ ನಂತರ ಹಳೆಯ ಮಿನಿ ಬಸ್ಸೊಂದನ್ನು ತಂದು ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಪುಟ್ಟ ಶೌಚಾಲಯ ಎಲ್ಲವನ್ನೂ ಕೂಡಿಸಿ ಕ್ಯಾರವಾನ್ ಮಾಡಿದ್ದರು. ಊರೂರು ಸುತ್ತಬೇಕೆಂದಿದ್ದವರು ಕನ್ಯಾಕುಮಾರಿಯವರೆಗೆ ಒಮ್ಮೆ ಹೋಗಿಬಂದು ತೀರಿಕೊಂಡರು. ಆಮೇಲೆ ಟೀಚರ್ ಒಬ್ಬರೇ ಓಡಿಸತೊಡಗಿದರು. ಎಲ್ಲಿಗೂ ಹೋಗದ ದಿನಗಳಲ್ಲೂ ಸಂಜೆ ಅದರ ಬಾಗಿಲು ತೆರೆದಿಟ್ಟು, ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಲೆಕ್ಕ ತಿಳಿಯದೆ ಬಂದ ಫ್ಲಾಟಿನ ಮಕ್ಕಳಿಗೆ ಅವರು ಹೇಳುತ್ತಿದ್ದುದು ಒಂದೇ: "ಉತ್ತರ ಆಮೇಲೆ. ಪ್ರಶ್ನೆ ಇನ್ನೊಮ್ಮೆ ಓದು."

ಬಿ.ಎಡ್. ಓದಿದ್ದು ಮಂಗಳೂರಿನಲ್ಲಾದ್ದರಿಂದ ಅವರಿಗೆ ಹಾಸ್ಟೆಲಿನ ಕನ್ನಡ ಬರುತ್ತಿತ್ತು. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ನನ್ನನ್ನು ಮೊದಲ ದಿನವೇ ಲಿಫ್ಟಿನಲ್ಲಿ, "ಎಂತ ಮಾರಾಯ್ತಿ, ಊಟ ಆಯ್ತಾ?" ಎಂದು ಕೇಳಿ ಬೆಚ್ಚಿಬೀಳಿಸಿದ್ದರು.

ನನ್ನ ಜೊತೆಗಿದ್ದ ಅವ್ವನಿಗೆ ಆ ಹೊತ್ತಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಆನಂತರ ಅವಳಿಗೆ ಮೂತ್ರ ತಡೆಯುವುದು ಕಷ್ಟವಾಯಿತು. ಡಾಕ್ಟರು ಇದು ಅನೇಕರಿಗೆ ಆಗುವಂಥದು ಎಂದರೂ ಅವ್ವ ನಂಬಲಿಲ್ಲ. ಮದುವೆ ಮನೆ ಬಿಟ್ಟಳು, ಗುಡಿ ಬಿಟ್ಟಳು, ಕಡೆಗೆ ಮನೆಯ ಬಾಗಿಲು ದಾಟುವುದನ್ನೇ ಬಿಟ್ಟಳು. ತಿರುವನಂತಪುರದ ರಾಕೆಟ್ ಕೇಂದ್ರದಲ್ಲಿದ್ದ ನನ್ನ ತಮ್ಮನಿಗೆ ಹೆಣ್ಣುಮಗುವಾಗಿ, ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗಲೂ, "ನೀ ಹೋಗಿ ಬಾ. ಕೂಸಿನ ಫೋಟೋ ತೊಗೊಂಡು ಬಾ, ಸಾಕು" ಎಂದಳು. ರೈಲಿನಲ್ಲಿ ಜನರನ್ನು ದಾಟಿ ಶೌಚಾಲಯ ಮುಟ್ಟುವಷ್ಟು ತಡೆ ತನಗಿಲ್ಲವೆಂದು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಗೊತ್ತಿತ್ತು.

ಟೀಚರಿಗೂ ಹೇಗೋ ಗೊತ್ತಾಗಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, "ಅಮ್ಮಾ, ನನ್ನ ವಂಡಿಯಲ್ಲಿ ಬಾತ್‌ರೂಮ್ ಉಂಟು. ನಿಮ್ಮ ಸೀಟಿನಿಂದ ಕೈ ಚಾಚಿದರೆ ಅದರ ಬಾಗಿಲು. ಹೋಗುವ ಅಲ್ವಾ?" ಎಂದರು. ಅವ್ವ ನನ್ನ ಮುಖ ನೋಡಿದಳು. ತೊಟ್ಟಿಲಿನ ಹಿಂದಿನ ದಿನ ಮೂವರೂ ಹೊರಟೆವು.

ಆಲಪ್ಪುಳ ದಾಟುವವರೆಗೆ ಅವ್ವ ಖುಷಿಯಲ್ಲೇ ಇದ್ದಳು. ಒಮ್ಮೆ ಎದ್ದು ಹೋಗಿಬಂದಳು. ಸ್ವಲ್ಪ ಹೊತ್ತಿನ ಮೇಲೆ ಟವೆಲ್ ಹಿಡಿದು ಮತ್ತೆ ಹೋದಳು. ಬಂದವಳ ಮುಖ ಬಾಡಿತ್ತು. ಕೊಟ್ಟ ನೀರನ್ನೂ ಬಾಳೆಹಣ್ಣನ್ನೂ ಮುಟ್ಟಲಿಲ್ಲ. ಹರಿಪ್ಪಾಡ್ ಹತ್ತಿರ ಬಂದಾಗ ನನ್ನ ಕಿವಿಯಲ್ಲಿ ಹೇಳಿದಳು: "ತಿರಗಿ ಮನೀಗೆ ಹೋಗೂಣು ನಡಿ. ನನಗ ಖಬರಿಲ್ಲದಂಗ ಆಗೇತಿ. ಅಲ್ಲೆ ನೆಲಾ ಎಲ್ಲಾ ಹಸಿ ಆಗೇತಿ. ಒರಸೀನಿ, ಮತ್ತ ಆಗೇತಿ. ಮಂದಿ ಗಾಡ್ಯಾಗ ಹಿಂಗಾದ್ರ ಹೆಂಗವ್ವಾ?"

ಹೆದರಿದ ಮನಸ್ಸು ನೀರಿನ ಬಣ್ಣ, ವಾಸನೆ ನೋಡುವುದಿಲ್ಲ. ಅಷ್ಟರಲ್ಲಿ ಸೀಟಿನ ಕೆಳಗಿನ ನೀರಿನ ಪಂಪು ತಾನಾಗಿ ಗುರ್ರೆಂದು ಓಡಿ ನಿಂತಿತು. ನಲ್ಲಿ ತಿರುಗಿಸಿದಾಗ ಮಾತ್ರ ಓಡುವ ಪಂಪು ಅದು.

"ಒಳಗೆ ಯಾರುಂಟು?" ಎಂದರು ಟೀಚರ್.

"ಯಾರೂ ಇಲ್ಲ" ಎಂದೆ.

ಅವರು ಗಾಡಿಯನ್ನು ಒಂದು ಚರ್ಚಿನ ಕಾಂಪೌಂಡ್ ಗೋಡೆಯ ನೆರಳಿಗೆ ತಂದು ನಿಲ್ಲಿಸಿದರು. ಹಿಂದೆ ಬಂದು, ಅವ್ವ ಸೆರಗಿನಡಿ ಮುಚ್ಚಿಕೊಂಡಿದ್ದ ಒದ್ದೆ ಟವೆಲನ್ನು ಕಂಡರು. ನಾನು ಎದ್ದರೆ, "ನೀನು ಕೂತುಕೋ ಮೋಳೆ, ಅಮ್ಮ ಬರಲಿ" ಎಂದರು. ಅವರಿಗೆ ನಾನು ಮೋಳೆ, ಮಗಳು.

ಪಂಪಿನ ಸ್ವಿಚ್ ಆರಿಸಿ, ಇಬ್ಬರೂ ಸೇರಿ ಆ ಪುಟ್ಟ ಕೋಣೆಯ ನೆಲವನ್ನು, ಕಮೋಡಿನ ಹಿಂಬದಿಯನ್ನು ಒಣಗುವ ಹಾಗೆ ಒರೆಸಿದರು. "ಒದ್ದೆಯಲ್ಲಿ ಸೋರುವ ಜಾಗ ಸಿಕ್ಕುವುದಿಲ್ಲ. ಮೊದಲು ಒಣಗಬೇಕು" ಎಂದು ಟೀಚರ್ ಸುತ್ತಲೂ ಹಳೆಯ ಪೇಪರ್ ಹಾಸಿದರು. ಅವ್ವನನ್ನು ಹೊರಗೆ ಕರೆದು ಬಾಗಿಲೆದುರು ನಿಲ್ಲಿಸಿದರು.

"ಈಗ ಒಳಗೆ ಯಾರಾದ್ರೂ ಇದ್ದಾರಾ?"

"ಇಲ್ರಿ."

ಪಂಪ್ ಹಾಕಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಕಮೋಡಿನ ಹಿಂದಿನ ಪೇಪರಿನ ಅಂಚು ಮೆಲ್ಲಗೆ ಕಪ್ಪಾಯಿತು. ಕಪ್ಪು ಅಕ್ಷರಗಳನ್ನು ದಾಟಿ ಮುಂದಕ್ಕೆ ಹರಿಯಿತು.

"ಹಾಗಾದ್ರೆ ಈ ನೀರು ಯಾರದ್ದು?"

ಅವ್ವ ಬಗ್ಗಿ ಪೇಪರಿನ ಅಂಚು ಮುಟ್ಟಿ ನೋಡಿದಳು. "ಗಾಡೀದ್ರಿ" ಎಂದಳು ಸಣ್ಣ ದನಿಯಲ್ಲಿ.

"ಕೇಳ್ಲಿಲ್ಲ. ಜೋರಾಗಿ."

"ಗಾಡೀದ್ರಿ ಟೀಚರ್! ನಂದಲ್ಲ!"

ಹಾಗೆ ಕೂಗಿದವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಟೀಚರ್ ಅವಳ ಪಕ್ಕ ಒತ್ತಿಕೊಂಡು ಕೂತರು. "ವಂಡಿಗೆ ವಯಸ್ಸಾಯ್ತು. ನಮಗೂ ಆಯ್ತು. ಸೋರುತ್ತದೆ. ಅದಕ್ಕೆ ಮನೆಯಲ್ಲಿ ಕೂರುವುದಾ?" ಎಂದರು.

ಆಮೇಲೆ ಟಾರ್ಚ್ ಹಿಡಿದು ನೋಡಿದರೆ, ಪೆಡಲ್ ತುಳಿದಾಗ ನೀರು ಬಿಡುವ ಪ್ಲಾಸ್ಟಿಕ್ ವಾಲ್ವಿನಲ್ಲಿ ಕೂದಲೆಳೆಯಂಥ ಬಿರುಕು. ಹೆದ್ದಾರಿ ಅಗಲ ಮಾಡುವ ಕೆಲಸದ ಗುಂಡಿಗಳಲ್ಲಿ ಎಗರಿ ಬಿಟ್ಟಿರಬೇಕು. ಹೊಸ ವಾಲ್ವ್ ದಾರಿಯಲ್ಲಿ ಸಿಗುವಂಥದಲ್ಲ. ಫ್ಲಶ್ಶಿಗೆ ಹೋಗುವ ನೀರಿನ ಕೊಳವೆಗೆ ಗಂಡ ಹಾಕಿಟ್ಟಿದ್ದ ಬೇರೆ ನಲ್ಲಿಯೊಂದಿತ್ತು. ಅದನ್ನು ತಿರುಗಿಸಿ ಮುಚ್ಚಿದರು. ಪಂಪು ಸುಮ್ಮನಾಯಿತು. ಇನ್ನು ಫ್ಲಶ್ ಹೇಗೆ ಎಂದು ನಾನು ಯೋಚಿಸುತ್ತಿದ್ದರೆ ಅವ್ವ ಕಣ್ಣೊರೆಸಿಕೊಂಡು, "ಒಂದು ಬಕೀಟ್, ಒಂದು ತಂಬಿಗಿ ಇಟ್ರ ಆತು. ಅದಕ್ಕೇನು ದೊಡ್ಡ ಶಾಸ್ತ್ರ?" ಎಂದಳು. ಟೀಚರ್ ನಕ್ಕ ನಗೆಗೆ ಗೋಡೆಯಾಚೆಯಿಂದ ಯಾರೋ ಇಣುಕಿ ನೋಡಿದರು. ಅವ್ವ ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಪ್ರಯಾಣದಲ್ಲಿ ಅವಳು ನೀರು ಕುಡಿದದ್ದನ್ನು ನಾನು ಎಷ್ಟೋ ಕಾಲದ ಮೇಲೆ ನೋಡಿದ್ದೆ.

ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಜೋಗುಳ ಹಾಡಿದ್ದು ಅವ್ವನೇ. ಹೊರಡುವ ಮುಂಚೆ ಟೀಚರ್ ಅವಳನ್ನು ವಿಳಿಂಜಂ ಬಂದರಿಗೆ ಕರೆದೊಯ್ದರು. ಮೀನಿನ ದೋಣಿಗಳ ಆಚೆ ಪೆಟ್ಟಿಗೆ ಪೆಟ್ಟಿಗೆಯಾಗಿ ಸರಕು ಹೊತ್ತು ನಿಂತ ಹಡಗನ್ನು ನೋಡಿ ಅವ್ವ, "ಒಂದು ಊರನ್ನ ಹೊತ್ಕೊಂಡು ನಿಂತೈತಿ" ಎಂದಳು. ಅಲ್ಲಿಂದ ಮುಂದೆ ಇಬ್ಬರೂ ನನ್ನನ್ನು ಬಿಟ್ಟು ತಿರುಗತೊಡಗಿದರು. ನಾನು ವಿಲ್ಲಿಂಗ್ಡನ್ ಐಲ್ಯಾಂಡಿನ ಶಾಖೆಯಿಂದ ಮನೆಗೆ ಬಂದರೆ ಬೀಗ. ಫೋನ್ ಮಾಡಿದರೆ ಅವ್ವ ಯಾವುದೋ ಕಡಲ ದಂಡೆಯಿಂದ, "ಹುಳಿ ಫ್ರಿಜ್ಜಿನ್ಯಾಗ ಐತಿ, ಬಿಸಿ ಮಾಡ್ಕೊ" ಎನ್ನುತ್ತಿದ್ದಳು.

ಹೋದ ವರ್ಷ ಟೀಚರ್ ತೀರಿಕೊಂಡರು. ಬೆಳಿಗ್ಗೆ ಎದ್ದವರು ಚಹಾಕ್ಕೆ ನೀರಿಟ್ಟು ಕುರ್ಚಿಯಲ್ಲಿ ಕೂತಿದ್ದಾರೆ, ಅಷ್ಟೆ. ತಮ್ಮನ ಮನೆಯಲ್ಲಿದ್ದ ಅವ್ವ ಸುದ್ದಿ ಕೇಳಿ ಒಬ್ಬಳೇ ರೈಲು ಹತ್ತಿ ಬಂದಳು.

ಚರ್ಚಿನಲ್ಲಿ ಪ್ರಾರ್ಥನೆ ದೀರ್ಘವಾಯಿತು. ಮುಗಿದು ಎಲ್ಲರೂ ಸಮಾಧಿಯ ಕಡೆ ಸಾಗಿದಾಗ ಅವ್ವ, "ನಮ್ಮಂಗ ಮಣ್ಣಿಗೇ ಇಡ್ತಾರಲ್ಲ, ಚಲೋ ಆತು" ಎಂದು ನನಗೆ ಹೇಳಿದಳು. ಆಮೇಲೆ ನನ್ನ ಕೈ ಬಿಟ್ಟು, ಗುಂಪಿನಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬಳ ತೋಳು ಮುಟ್ಟಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ತನಗೆ ಬಂದ ಮಲಯಾಳದಲ್ಲಿ ಕೇಳಿದಳು: "ಬಾತ್‌ರೂಮ್ ಎವಿಡೆಯಾ, ಮೋಳೆ?"

ಆಕೆ ತೋರಿಸಿದ ಕಡೆಗೆ ಅವಸರವಿಲ್ಲದೆ ಹೋಗಿಬಂದಳು. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು.